ಎರೆಹೊಲದ ಅಡಿಯ ಕಲ್ಲು

"ಕಪ್ಪು ಮಣ್ಣು ಬಸಾಲ್ಟ್ ಶಿಲೆಯ ಶಿಥಿಲೀಕರಣದಿಂದ ಉಂಟಾಗುತ್ತದೆ" ಎಂಬ ವಾಕ್ಯವನ್ನು ನಾನು 18 ವರ್ಷಗಳಿಂದ ಕಪ್ಪುಹಲಗೆಯ ಮೇಲೆ ಬರೆಯುತ್ತ ಬಂದಿದ್ದೇನೆ. ಸಮಾಜ ವಿಜ್ಞಾನದ ಶಿಕ್ಷಕನಾದ ನನಗೆ ಮೊದಲಿನಿಂದಲೂ ಇತಿಹಾಸದ ಮೇಲೆ ಮಮತೆ ಹೆಚ್ಚು. ಭೂಗೋಳವನ್ನು ನಕ್ಷೆಯ ಅಂಕಗಳು ಕೈತಪ್ಪಬಾರದೆಂಬ ಕಾರಣಕ್ಕೆ ಕಲಿಸಿದವನು. ನಮ್ಮ ಶಾಲೆಯ ಕಾಂಪೌಂಡು ಮುಗಿದಲ್ಲಿಂದಲೇ ಎರೆಹೊಲ, ಅಂದರೆ ಕಪ್ಪು ಮಣ್ಣಿನ ಹೊಲ, ಶುರುವಾಗುತ್ತದೆ. ಮಾರ್ಚ್ ಹೊತ್ತಿಗೆ ಅದು ಬಾಯಿಬಿಟ್ಟು ನಿಂತಾಗ ನಮ್ಮ ಮಕ್ಕಳು ಬಿರುಕಿನೊಳಗೆ ಅಡಿಗೋಲು ಇಳಿಬಿಟ್ಟು ಆಡುತ್ತಾರೆ, ಅಡಿಗೋಲು ಪೂರ್ತಿ ಮುಳುಗುತ್ತದೆ. ಅಷ್ಟು ಹತ್ತಿರದಲ್ಲಿದ್ದ ಆ ಹೊಲದ ಅಡಿಯಲ್ಲಿ ನಿಜವಾಗಿಯೂ ಬಸಾಲ್ಟ್ ಇದೆಯೇ ಎಂದು ಒಮ್ಮೆ ನೋಡಬೇಕೆಂದು ನನಗಾಗಲಿ, ನನ್ನ ಸಹೋದ್ಯೋಗಿಗಳಿಗಾಗಲಿ ಅನ್ನಿಸಿದ್ದಿಲ್ಲ.

ಹೋದ ಬೇಸಿಗೆ ರಜೆಯಲ್ಲಿ ಕೊಪ್ಪಳವನ್ನು ಠಾಣೆ ಮಾಡಿಕೊಂಡು ನಡೆದ ಏಳು ದಿನಗಳ ಭೂಗೋಳ ಕ್ಷೇತ್ರ ಶಿಬಿರಕ್ಕೆ ಹೋಗಿ ಬಂದ ಮೇಲೆ ಆ ವಾಕ್ಯವನ್ನು ಮೊದಲಿನ ಧೈರ್ಯದಿಂದ ಬರೆಯುವುದು ನನ್ನಿಂದ ಆಗುತ್ತಿಲ್ಲ. ಶಿಬಿರವನ್ನು ನಡೆಸಿದವರು ಕಾಲೇಜಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಒಬ್ಬ ಮೇಷ್ಟ್ರು ಮತ್ತು ಅವರ ಇಬ್ಬರು ಹಳೆಯ ವಿದ್ಯಾರ್ಥಿಗಳು. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ನಾವು 21 ಮಂದಿ ಶಿಕ್ಷಕರು ಊಟ, ವಸತಿ, ಟೆಂಪೋ ಟ್ರಾವೆಲರ್ ಬಾಡಿಗೆಯನ್ನು ಹಂಚಿಕೊಂಡೆವು. ಹಾಜರಿ ಪುಸ್ತಕ, ಪ್ರಮಾಣಪತ್ರ, ಟಿಎ ಬಿಲ್ಲು ಯಾವುದೂ ಇರಲಿಲ್ಲವಾದ್ದರಿಂದ ಬಂದವರೆಲ್ಲ ಬರಬೇಕೆಂದೇ ಬಂದವರಾಗಿದ್ದರು. ನಾನು ಈವರೆಗೆ ಹಾಜರಾದ ತರಬೇತಿಗಳ ಲೆಕ್ಕ ಇಟ್ಟಿಲ್ಲ. ಆದರೆ ಒಂದರಲ್ಲಿ, ಕಿಟಕಿಗೆ ಪರದೆ ಎಳೆದ ಸಭಾಂಗಣದಲ್ಲಿ, ಪ್ರೊಜೆಕ್ಟರಿನ ಬೆಳಕಿನಲ್ಲಿ "ಸ್ಥಳೀಯ ಪರಿಸರದ ಮೂಲಕ ಕಲಿಕೆ" ಎಂಬ ವಿಷಯವನ್ನು ಮೂರು ತಾಸು ಕೇಳಿದ್ದು ಮಾತ್ರ ಮರೆತಿಲ್ಲ.

ನಮ್ಮ ಕಡೆ ಬೇಸಿಗೆ ಮತ್ತು ಕಡುಬೇಸಿಗೆ ಎಂದು ಎರಡೇ ಕಾಲ ಎಂಬ ಮಾತು ಹಳೆಯದು. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿಗೆ ಶಿಕ್ಷಕರನ್ನು ಗುಡ್ಡ ಹತ್ತಿಸುವುದು ಯಾವ ಬುದ್ಧಿವಂತಿಕೆ ಎಂದು ಮನೆಯಲ್ಲಿ ಕೇಳಿದರು. ನಮಗೆ ರಜೆ ಸಿಗುವುದು ಆಗಲೇ ಎಂಬುದು ಒಂದು ಉತ್ತರ. ಮೇಷ್ಟ್ರು ಕೊಟ್ಟ ಉತ್ತರ ಬೇರೆ: ಮುಂಗಾರು ಬಿದ್ದ ಮೇಲೆ ನೆಲ ಹಸಿರು ಹೊದ್ದುಕೊಂಡುಬಿಡುತ್ತದೆ, ನದಿ ತನ್ನ ಪಾತ್ರವನ್ನು ಮುಚ್ಚಿಕೊಳ್ಳುತ್ತದೆ, ಕಲ್ಲು, ಮಣ್ಣು, ಹಳ್ಳದ ದಂಡೆ ಇವೆಲ್ಲ ಮರೆಯಿಲ್ಲದೆ ಕಾಣುವುದು ಬೇಸಿಗೆಯಲ್ಲಿ ಮಾತ್ರ. ಆದರೂ ಮೊದಲ ದಿನ ಹತ್ತು ಗಂಟೆಗೆ ಹೊರಟು ಇಬ್ಬರಿಗೆ ತಲೆಸುತ್ತು ಬಂದ ಮೇಲೆ ವೇಳಾಪಟ್ಟಿಯನ್ನು ಬೆಳಗಿನ ಆರರಿಂದ ಹನ್ನೊಂದಕ್ಕೆ ಬದಲಿಸಬೇಕಾಯಿತು. ನಮ್ಮಲ್ಲಿದ್ದ ಏಳು ಮಂದಿ ಶಿಕ್ಷಕಿಯರು ಹೊರಡುವ ಮೊದಲು ದಾರಿಯಲ್ಲಿ ಶೌಚಾಲಯ ಎಲ್ಲೆಲ್ಲಿದೆ ಎಂದು ಕೇಳಿದಾಗ ಸಂಘಟಕರ ಬಳಿ ಉತ್ತರವಿರಲಿಲ್ಲ. ಹುಡುಗಿಯರನ್ನು ಹೊರಗೆ ಕರೆದೊಯ್ಯಲು ನಮ್ಮ ಶಾಲೆಗಳು ಏಕೆ ಹಿಂಜರಿಯುತ್ತವೆ ಎಂಬುದು ಅಲ್ಲಿಯೇ ಅರ್ಥವಾಯಿತು.

ಎರಡನೆಯ ದಿನ ಮೇ 2. ಅಂದು ಎಲ್ಲಿಗೂ ಹೋಗಲಿಲ್ಲ. ವಸತಿ ನಿಲಯದ ಅಂಗಳದಲ್ಲಿ ಒಂದು ಮೀಟರ್ ಉದ್ದದ ಕಬ್ಬಿಣದ ಸರಳನ್ನು ನೆಟ್ಟು, ದಾರಕ್ಕೆ ಕಲ್ಲು ಕಟ್ಟಿ ಅದು ಲಂಬವಾಗಿದೆಯೇ ಎಂದು ನಾಲ್ಕೂ ಕಡೆಯಿಂದ ನೋಡಿ, ಬೆಳಗಿನಿಂದ ಕಾಲುಗಂಟೆಗೊಮ್ಮೆ ನೆರಳಿನ ತುದಿಗೆ ಸುಣ್ಣದ ಚುಕ್ಕೆ ಇಡುತ್ತ ಹೋದೆವು. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಲ್ಲಿ ಸೂರ್ಯ ವರ್ಷಕ್ಕೆರಡು ಬಾರಿ ನೆತ್ತಿಯ ಮೇಲೆ ಬರುತ್ತಾನೆ ಎಂದು ಪಾಠ ಮಾಡಿದವನಿಗೆ, ಕೊಪ್ಪಳದ ಮಟ್ಟಿಗೆ ಆ ದಿನ ಯಾವುದೆಂದು ಗೊತ್ತಿರಲಿಲ್ಲ. ಊರಿನ ಅಕ್ಷಾಂಶ ಸುಮಾರು 15 ಡಿಗ್ರಿ 21 ಮಿನಿಟು ಉತ್ತರ. ಸೂರ್ಯ ಉತ್ತರಕ್ಕೆ ಸರಿಯುತ್ತ ಅಷ್ಟು ಡಿಗ್ರಿಗೆ ಬಂದು ನಿಲ್ಲುವುದು ಮೇ 2ರ ಸುಮಾರಿಗೆ, ಮರಳುವಾಗ ಮತ್ತೊಮ್ಮೆ ಆಗಸ್ಟ್ ಎರಡನೆಯ ವಾರದ ಹೊತ್ತಿಗೆ.

ಹನ್ನೆರಡು ಗಂಟೆಗೆ ನಾವೆಲ್ಲ ಸರಳಿನ ಸುತ್ತ ಕುಕ್ಕರಗಾಲಿನಲ್ಲಿ ಕುಳಿತಿದ್ದೆವು. ನೆರಳು ಇನ್ನೂ ಒಂದು ಗೇಣಿಗೆ ಅರ್ಧದಷ್ಟು ಪಶ್ಚಿಮಕ್ಕೆ ಚಾಚಿಕೊಂಡಿತ್ತು. "ದಿನ ತಪ್ಪಿದಿರಿ ಸರ್" ಎಂದು ಒಬ್ಬರು ಎದ್ದೇ ಬಿಟ್ಟರು. ಮೇಷ್ಟ್ರು ಏನೂ ಹೇಳಲಿಲ್ಲ. ಭಾರತದ ಗಡಿಯಾರ ನಡೆಯುವುದು 82 ಡಿಗ್ರಿ 30 ಮಿನಿಟು ಪೂರ್ವ ರೇಖಾಂಶದ ಲೆಕ್ಕದಲ್ಲಿ, ನಾವು ಕುಳಿತದ್ದು ಸುಮಾರು 76 ಡಿಗ್ರಿ 9 ಮಿನಿಟಿನ ಮೇಲೆ, ಒಂದು ಡಿಗ್ರಿಗೆ ನಾಲ್ಕು ನಿಮಿಷ ಎಂದು ಪರೀಕ್ಷೆಗೆ ಲೆಕ್ಕ ಮಾಡಿಸುವ ನಾವೇ ಆ ಲೆಕ್ಕವನ್ನು ನಮ್ಮ ಊರಿಗೆ ಹಾಕಲು ಐದು ನಿಮಿಷ ತೆಗೆದುಕೊಂಡೆವು. 25 ನಿಮಿಷ ತಡ ಎಂದು ಬಂತು. ಆದರೆ ನೆರಳು 12.22ಕ್ಕೇ ಸರಳಿನ ಬುಡಕ್ಕೆ ಸರಿದು ಇಲ್ಲವಾಯಿತು. ಪಕ್ಕದಲ್ಲಿಟ್ಟ ಸ್ಟೀಲ್ ಲೋಟದ ನೆರಳೂ ಅದರ ಅಡಿಗೆ ಸೇರಿಕೊಂಡಿತ್ತು, ನಮ್ಮ ನೆರಳುಗಳು ಚಪ್ಪಲಿಯಷ್ಟಾಗಿದ್ದವು. ಉಳಿದ ಆ ಮೂರು ನಿಮಿಷ ಎಲ್ಲಿ ಹೋಯಿತು ಎಂಬ ವಾದ ಊಟದ ತಟ್ಟೆಯವರೆಗೂ ಬಂತು. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲದ್ದರಿಂದಲೂ ಅದರ ಅಕ್ಷ ಓರೆಯಾಗಿರುವುದರಿಂದಲೂ ಸೂರ್ಯನ ಮಧ್ಯಾಹ್ನ ಗಡಿಯಾರದ ಲೆಕ್ಕಕ್ಕಿಂತ ಕೆಲವು ನಿಮಿಷ ಹಿಂದುಮುಂದಾಗುತ್ತದೆ, ಮೇ ಆರಂಭದಲ್ಲಿ ಅದು ಮೂರು ನಿಮಿಷ ಮೊದಲೇ ಬರುತ್ತದೆ ಎಂದು ಮೇಷ್ಟ್ರು ವಿವರಿಸಿದರು. ಮೊದಲೇ ಹೇಳಿದ್ದರೆ ನಾವು ಟಿಪ್ಪಣಿ ಬರೆದುಕೊಂಡು ಮಲಗಿಬಿಡುತ್ತಿದ್ದೆವು.

ಮೂರನೆಯ ದಿನ ಆನೆಗೊಂದಿಯ ಗುಡ್ಡಗಳಿಗೆ ಹೋದಾಗ ಕೈಗೆ ಸರ್ವೇ ಆಫ್ ಇಂಡಿಯಾದ ಸ್ಥಳಾಕೃತಿ ನಕ್ಷೆ ಕೊಟ್ಟರು. ಹಳೆಯ ಕ್ರಮದ 57 ಎ/7 ಸಂಖ್ಯೆಯ ಹಾಳೆ ಅದು. ಪ್ರಮಾಣ 1:50,000, ಅಂದರೆ ಹಾಳೆಯ ಮೇಲಿನ ಎರಡು ಸೆಂಟಿಮೀಟರು ನೆಲದ ಮೇಲೆ ಒಂದು ಕಿಲೋಮೀಟರು. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಂದು ಬಣ್ಣದ ಸಮೋನ್ನತಿ ರೇಖೆಗಳು 20 ಮೀಟರ್ ಎತ್ತರದ ಅಂತರದಲ್ಲಿವೆ. ಅವು ಒತ್ತೊತ್ತಾಗಿ ಬಂದಲ್ಲಿ ಕಡಿದಾದ ಇಳಿಜಾರು ಎಂಬುದನ್ನು ನಾನು ಪ್ರತಿ ವರ್ಷ ಕಲಿಸುತ್ತೇನೆ. ನನ್ನ ತಂಡದ ಐವರನ್ನು ನದಿಯ ದಂಡೆಗೆ ಕರೆದೊಯ್ಯುವ ಹೊಣೆ ನನ್ನದಾಯಿತು. ನಕ್ಷೆಯಲ್ಲಿ ತುಂಡುಗೆರೆಯಾಗಿ ಕಾಣುತ್ತಿದ್ದ ಬಂಡಿಜಾಡನ್ನು ನಂಬಿ ಹೊರಟವನು ಮುಕ್ಕಾಲು ಗಂಟೆಯ ನಂತರ ಒಂದು ಬಾಳೆತೋಟದ ಬೇಲಿಗೆ ಬಂದು ನಿಂತೆ. ನಕ್ಷೆ ಸಮೀಕ್ಷೆಯಾದ ಕಾಲಕ್ಕೂ ಇಂದಿಗೂ ನಡುವೆ ಆ ಜಾಡನ್ನು ಯಾರೋ ಉತ್ತುಬಿಟ್ಟಿದ್ದರು. ಅದು ಅರ್ಧ ಕಾರಣ. ಉಳಿದರ್ಧ ಕಾರಣವೆಂದರೆ ನಾನು ಹಾಳೆಯನ್ನು ಉತ್ತರಕ್ಕೆ ಹೊಂದಿಸದೆ ಗೋಡೆಯ ಮೇಲಿನ ಭೂಪಟ ಓದುವಂತೆ ಎದೆಯ ಮುಂದೆ ಹಿಡಿದು ನಡೆದದ್ದು. ತೋಟದ ಮುದುಕ ನಮ್ಮ ಕೈಯಲ್ಲಿದ್ದ ಹಾಳೆಯನ್ನು ನೋಡಿ, "ಹೊಳಿ ಆ ಕಡಿ ಐತಿ, ಹಾಳಿ ಮಡಚಿ ಇಟ್ಟು ನೀರಿನ ಸಪ್ಪಳ ಕೇಳ್ಕೋತ ಹೋಗ್ರಿ" ಎಂದ. ಆನೆಗೊಂದಿ ಕಡೆಯ ಕಾಲುವೆಗಳು ವಿಜಯನಗರದ ಕಾಲದಿಂದ ಇಂದಿನವರೆಗೆ ನೀರು ಹರಿಸುತ್ತ ಬಂದವು. ಆ ಸಪ್ಪಳದ ಜಾಡು ಹಿಡಿದೇ ನಾವು ನದಿ ಮುಟ್ಟಿದೆವು.

ಅಲ್ಲಿಯ ಬಂಡೆಗಳ ವಿಷಯಕ್ಕೆ ಬರುತ್ತೇನೆ. ವಾಲಿ ಸುಗ್ರೀವರು ಜಗಳದಲ್ಲಿ ಎಸೆದಾಡಿದ ಕಲ್ಲುಗಳು ಇವು ಎಂದು ಈ ಸೀಮೆಯ ಮಕ್ಕಳೆಲ್ಲ ಕೇಳಿ ಬೆಳೆದಿರುತ್ತಾರೆ. ಒಂದರ ಮೇಲೊಂದು ಪೇರಿಸಿಟ್ಟಂತಿರುವ ಆ ಗುಂಡುಗಳನ್ನು ನೋಡಿದರೆ ಕಥೆ ಕಟ್ಟದೆ ಇರುವುದೇ ಕಷ್ಟ. ನಾನು ಅದರ ಬದಲಿಗೆ ಹಗಲಿನ ಬಿಸಿಲು, ರಾತ್ರಿಯ ತಂಪು, ಹಿಗ್ಗುವಿಕೆ, ಕುಗ್ಗುವಿಕೆ ಎಂದು ಪಾಠ ಹೇಳಿದವನು. ರಸ್ತೆಗಾಗಿ ಕಡಿದ ಒಂದು ದಿಬ್ಬದ ಪಕ್ಕ ಮೇಷ್ಟ್ರು ನಮ್ಮನ್ನು ನಿಲ್ಲಿಸಿದರು. ಕೈಯಲ್ಲಿ ಉಜ್ಜಿದರೆ ಉದುರುವ ಕಂದು ಗರಸಿನ ನಡುವೆ, ಇನ್ನೂ ಹೊರಗೇ ಬಾರದ, ಬಿಸಿಲನ್ನೇ ಕಾಣದ ಗುಂಡುಕಲ್ಲುಗಳು ಹೂತಿದ್ದವು. ಒಂದರ ಸುತ್ತ ಈರುಳ್ಳಿಯ ಸಿಪ್ಪೆಯಂತೆ ಪದರುಗಳು. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಹೆಸರು ಪಡೆದ, ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಪಟ್ಟಿ ದಕ್ಷಿಣದಿಂದ ಹರಿದು ಬಂದು ಈ ಸೀಮೆಯನ್ನು ಹಾಯುತ್ತದೆ. ಆ ಶಿಲೆಯಲ್ಲಿ ಅಡ್ಡಉದ್ದ ಬಿದ್ದ ಸೀಳುಗಳ ಮೂಲಕ ನೀರು ಇಳಿದು, ನೆಲದೊಳಗೇ ಅಂಚುಗಳನ್ನು ಕೊಳೆಸಿ ದುಂಡಗೆ ಮಾಡುತ್ತದೆ. ಆಮೇಲೆ ಮೇಲಿನ ಮಣ್ಣು ಕೊಚ್ಚಿಹೋದಾಗ ಗಟ್ಟಿ ತಿರುಳು ಮಾತ್ರ ಗುಡ್ಡವಾಗಿ ಉಳಿಯುತ್ತದೆ. ಬಿಸಿಲು ತಂಪಿನ ಪಾಲು ಇಲ್ಲವೆಂದಲ್ಲ, ಅದು ಕೊನೆಯ ಕೈಕೆಲಸ. ಮುಖ್ಯ ಕೆಲಸ ನಡೆದದ್ದು ಕತ್ತಲೆಯಲ್ಲಿ.

ಮರುದಿನ ಕುರುಗೋಡಿನ ದಾರಿ. ಕುರುಗೋಡಿನ ಕಲ್ಲುಗುಡ್ಡಗಳು ಹಿಂದೆ ಸರಿಯುತ್ತಲೇ ಬಳ್ಳಾರಿಯ ಕಡೆಗೆ ಎರೆಭೂಮಿ ಹಾಸಿಕೊಳ್ಳುತ್ತದೆ. ರಸ್ತೆಯ ಪಕ್ಕದ ಹೊಲವೊಂದರಲ್ಲಿ ಹೊಸದಾಗಿ ಕೃಷಿ ಹೊಂಡ ತೋಡಿದ್ದರು; ಜೆಸಿಬಿ ಹಲ್ಲಿನ ಗೀರುಗಳು ಗೋಡೆಯ ಮೇಲೆ ಇನ್ನೂ ಹಸಿಯಾಗಿದ್ದವು. ಹೊಲದವರ ಅಪ್ಪಣೆ ಕೇಳಿ ಇಳಿದೆವು. ಮೇಲಿನ ಒಂದು ಮೀಟರಿಗೂ ಮಿಕ್ಕಿ ಕರಿ ಎರೆ, ಹೆಂಟೆ ಒಡೆದರೆ ಒಳಮೈ ಮೇಣ ಸವರಿದಂತೆ ಮಿನುಗುತ್ತಿತ್ತು. ಕೆಳಗೆ ಹೋದಂತೆ ಬಣ್ಣ ಬೂದಿಗೆ ತಿರುಗಿ, ಕಡಲೆಕಾಳಿನಿಂದ ಲಿಂಬೆಕಾಯಿಯವರೆಗಿನ ಗಾತ್ರದ ಬಿಳಿ ಹರಳುಗಳು ಕಾಣಿಸಿದವು. ವಿಜ್ಞಾನದ ಶಿಕ್ಷಕಿಯೊಬ್ಬರು ಬುತ್ತಿಯಲ್ಲಿದ್ದ ನಿಂಬೆಹೋಳನ್ನು ಒಂದು ಹರಳಿನ ಮೇಲೆ ಹಿಂಡಿ ಕಿವಿಗೆ ಹಿಡಿದರು. ಸಣ್ಣಗೆ ಸುರ್ ಎಂದು ನೊರೆ ಬಂತು. ಸುಣ್ಣದ ಹರಳು. ಅದರ ಕೆಳಗೆ ಹಳದಿ ಗರಸು, ಅದರ ಕೆಳಗೆ, ಹೊಂಡದ ತಳದಲ್ಲಿ, ಜೆಸಿಬಿ ಸೋತು ಬಿಟ್ಟ ಗಟ್ಟಿ ಕಲ್ಲು.

"ಇದು ಯಾವ ಕಲ್ಲು?" ಎಂದು ಮೇಷ್ಟ್ರು ನನ್ನನ್ನೇ ಕೇಳಿದರು. ಮೇಲೆ ಕಪ್ಪು ಮಣ್ಣು ಇದ್ದ ಮೇಲೆ ಕೆಳಗೆ ಇನ್ನೇನಿರುತ್ತದೆ? "ಬಸಾಲ್ಟ್" ಎಂದೆ. ಸುತ್ತಿಗೆಯಿಂದ ಒಂದು ಚಕ್ಕೆ ಎಬ್ಬಿಸಿ, ಬಾಟಲಿಯ ನೀರು ಸುರಿದು ಧೂಳು ತೊಳೆದು ಕೈಗಿಟ್ಟರು. ಬೂದುಬಣ್ಣದ ಕಲ್ಲಿನಲ್ಲಿ ಬಿಳಿಯ ಮತ್ತು ಕಪ್ಪು ಪಟ್ಟೆಗಳು ಕೌದಿಯ ಹೊಲಿಗೆಯಂತೆ ಬಳುಕುತ್ತ ಹೋಗಿದ್ದವು. ಬರಿಗಣ್ಣಿಗೇ ಸ್ಫಟಿಕಗಳು ಎಣಿಸುವಷ್ಟು ದಪ್ಪಗಿದ್ದವು. ಅದು ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆ, ಬಸಾಲ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಲಾವಾ ಹರಿದು ಹೆಪ್ಪುಗಟ್ಟಿದ ದಖ್ಖನ್ ಟ್ರ್ಯಾಪ್ ಬಸಾಲ್ಟು ಹರಡಿರುವುದು ನಮ್ಮಿಂದ ಉತ್ತರಕ್ಕೆ, ವಿಜಯಪುರ, ಕಲಬುರಗಿ, ಬೀದರ್ ಸೀಮೆಯಲ್ಲಿ. ಅದರ ವಯಸ್ಸು ಆರೂವರೆ ಕೋಟಿ ವರ್ಷದ ಆಸುಪಾಸು. ನನ್ನ ಅಂಗೈಯಲ್ಲಿದ್ದ ಶಿಲೆಯ ಬಳಗದ್ದು 300 ಕೋಟಿ ವರ್ಷಗಳ ಲೆಕ್ಕ.

ಹಾಗಾದರೆ ಈ ಮಣ್ಣು ಕಪ್ಪಾದದ್ದು ಹೇಗೆ? ಆ ಬಿಸಿಲಿನಲ್ಲಿ, ಹೊಂಡದ ಒಂದು ಬದಿಯ ಗೇಣು ಅಗಲದ ನೆರಳಿಗೆ ಬೆನ್ನು ಕೊಟ್ಟು ನಿಂತು ಕೇಳಿಸಿಕೊಂಡ ಉತ್ತರವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನಮ್ಮ ಸೀಮೆ ಪಶ್ಚಿಮಘಟ್ಟದ ಮಳೆನೆರಳಿನಲ್ಲಿದೆ. ವರ್ಷದ ಮಳೆ ಸರಾಸರಿ 600 ಮಿಲಿಮೀಟರಿನ ಆಚೀಚೆ. ಏರಿನ ಮೇಲೆ ಬಿದ್ದ ನೀರು ನಿಲ್ಲದೆ ಇಳಿಯುತ್ತದೆ, ಇಳಿಯುವಾಗ ಕಲ್ಲಿನಿಂದ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹೊತ್ತೊಯ್ಯುತ್ತದೆ. ಅಲ್ಲಿ ಉಳಿಯುವುದು ಕಬ್ಬಿಣದ ತುಕ್ಕಿನ ಕೆಂಪು, ಅದೇ ನಮ್ಮ ಮಸಾರಿ. ತಗ್ಗಿಗೆ ಬಂದ ನೀರಿಗೆ ಮುಂದೆ ಹೋಗುವ ಶಕ್ತಿಯಿಲ್ಲ, ಮಣ್ಣನ್ನು ತೊಳೆದುಬಿಡುವಷ್ಟು ಮಳೆಯೂ ಇಲ್ಲ. ಹೊತ್ತು ತಂದದ್ದು ಅಲ್ಲಿಯೇ ಕೂಡಿಬಿದ್ದು, ನೀರು ಕುಡಿದರೆ ಉಬ್ಬುವ, ಒಣಗಿದರೆ ಸೀಳುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿಯಾಗುತ್ತದೆ. ಮಿಕ್ಕ ಸುಣ್ಣ ಹರಳುಗಟ್ಟುತ್ತದೆ. ಬಸಾಲ್ಟ್ ಇದ್ದಲ್ಲಿ ಈ ಕೆಲಸ ಸುಲಭ, ಏಕೆಂದರೆ ಆ ಧಾತುಗಳು ಅದರಲ್ಲಿ ಹೇರಳ. ಬಸಾಲ್ಟ್ ಇಲ್ಲದಲ್ಲಿ ತಗ್ಗು ಮತ್ತು ಒಣಹವೆ ಸೇರಿ ಅದೇ ಕೆಲಸ ಮಾಡುತ್ತವೆ. ಹಾಗಾಗಿ ನನ್ನ ಕಪ್ಪುಹಲಗೆಯ ವಾಕ್ಯ ಸುಳ್ಳಲ್ಲ. ಮಹಾರಾಷ್ಟ್ರಕ್ಕೆ ಅದು ಚೆನ್ನಾಗಿ ಹೊಂದುತ್ತದೆ, ನಾನು ನಿಂತಿದ್ದ ಹೊಂಡಕ್ಕೆ ಹೊಂದುವುದಿಲ್ಲ.

ಮೇಲೆ ಬದುವಿನಲ್ಲಿ ನಿಂತು ನಮ್ಮ ಗಲಾಟೆ ನೋಡುತ್ತಿದ್ದ ಹೊಲದೊಡೆಯ ಕೇಳಿದ್ದು ಒಂದೇ ಪ್ರಶ್ನೆ: "ನೀರು ನಿಲ್ತೈತೇನ್ರಿ?" ಆತನ ಹೊಲ ಒಂದೇ ತುಂಡು ಎಂದು ನಾವು ತಿಳಿದಿದ್ದರೆ, ಆತ ಅದನ್ನು ಮೂರು ಮಾಡಿ ತೋರಿಸಿದ. ರಸ್ತೆಯ ಕಡೆಗಿನದು ಮಸಾರಿ, ಅಲ್ಲಿ ಮುಂಗಾರಿಗೆ ಸಜ್ಜೆ, ತೊಗರಿ, ನಡುವಿನದು ಮಿಶ್ರ, ಹಳ್ಳದ ಕಡೆಯದು ಎರೆ, ಅಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ, ಏಕೆಂದರೆ ಎರೆ ಕುಡಿದ ನೀರನ್ನು ಇಟ್ಟುಕೊಂಡು ಚಳಿಗಾಲಕ್ಕೆ ಕೊಡುತ್ತದೆ. ಇಳಿಜಾರಿನ ಜೊತೆಗೆ ಮಣ್ಣು ಬದಲಾಗುವ ಈ ಸರಣಿಗೆ ಭೂಗೋಳದವರು ಕೆಟೀನಾ ಎನ್ನುತ್ತಾರಂತೆ. ನನ್ನ ವಿದ್ಯಾರ್ಥಿಗಳಲ್ಲಿ ಮುಕ್ಕಾಲು ಪಾಲು ಇಂಥ ಹೊಲಗಳ ಮನೆಯವರು. ಅವರು ಮನೆಯಿಂದ ತಂದ ಎರೆ, ಮಸಾರಿ, ಗರಸು, ಕರ್ಲು, ಸವಳು, ಜವಳು, ಮರಡಿ, ಹಳ್ಳ ಎಂಬ ಮಾತುಗಳನ್ನು ಶಾಲೆಯ ಬಾಗಿಲಲ್ಲಿ ಚಪ್ಪಲಿಯಂತೆ ಬಿಡಿಸಿ, ಒಳಗೆ "ರೇಗರ್ ಮೃತ್ತಿಕೆ" ಕಲಿಸಿದವನು ನಾನು. ಪರೀಕ್ಷೆಯಲ್ಲಿ "ಎರೆ" ಎಂದು ಬರೆದ ಹುಡುಗನಿಗೆ ಅರ್ಧ ಅಂಕ ಕತ್ತರಿಸಿದ್ದೂ ಉಂಟು.

ಸಂಜೆ ಮೇಷ್ಟ್ರು ಪ್ಯಾಟ್ರಿಕ್ ಗೆಡ್ಡಿಸ್ ಎಂಬ ಸ್ಕಾಟ್ಲೆಂಡಿನವರ ಕಥೆ ಹೇಳಿದರು. 19ನೆಯ ಶತಮಾನದ ಕೊನೆಯಲ್ಲಿ ಎಡಿನ್‌ಬರೋದಲ್ಲಿ ಬೇಸಿಗೆಯ ಶಿಬಿರಗಳನ್ನು ನಡೆಸಿ, ಬಂದವರನ್ನು ಮೊದಲು ಒಂದು ಗೋಪುರದ ತುದಿಗೆ ಹತ್ತಿಸಿ ಊರು, ಗುಡ್ಡ, ಕಡಲು ಒಟ್ಟಿಗೆ ಕಾಣುವಂತೆ ಮಾಡುತ್ತಿದ್ದವರು. ಆಮೇಲೆ ಭಾರತಕ್ಕೆ ಬಂದು 1919ರಿಂದ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಗುಡ್ಡದ ತುದಿಯಿಂದ ಕಡಲಿನವರೆಗೆ ಒಂದು ಗೆರೆ ಎಳೆದು, ಆ ಗೆರೆಯ ಎತ್ತರಕ್ಕೆ ತಕ್ಕಂತೆ ಗಣಿಯವನು, ಕುರುಬ, ಒಕ್ಕಲಿಗ, ಮೀನುಗಾರ ಹೇಗೆ ಹಂಚಿಹೋಗುತ್ತಾರೆಂದು ತೋರಿಸುವ ಅವರ ಕಣಿವೆಯ ಅಡ್ಡಕೊಯ್ತವನ್ನು ನಾವು ನೆಲದ ಮೇಲೆ ಸೀಮೆಸುಣ್ಣದಲ್ಲಿ ನಮ್ಮದಾಗಿ ಬರೆದೆವು. ಸಂಡೂರಿನ ಕಬ್ಬಿಣದ ಅದಿರಿನ ಸಾಲಿನಿಂದ ಹೊರಟು, ಕುರಿಹಟ್ಟಿ, ಮಳೆಯಾಶ್ರಿತ ಹೊಲ, ಕಾಲುವೆ, ಭತ್ತ, ಕೊನೆಗೆ ತುಂಗಭದ್ರೆಯ ಹರಿಗೋಲು. ಕಡಲಿನ ಜಾಗದಲ್ಲಿ ಜಲಾಶಯ ಬಂದು ಕುಳಿತಿತು.

ಜಲಾಶಯವನ್ನು ಮರುದಿನ ಕೊಪ್ಪಳದ ಕಡೆಯ ದಂಡೆಯಿಂದ ನೋಡಿದೆವು. ಬೇಸಿಗೆಯಲ್ಲಿ ನೀರು ಹಿಂದೆ ಸರಿದು, ಕಣ್ಣು ಹಾಯುವಷ್ಟು ದೂರ ಹೂಳು ಬಿರಿದು ಬಿದ್ದಿತ್ತು. 1953ರಲ್ಲಿ ಅಣೆಕಟ್ಟು ಸಿದ್ಧವಾದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಈಗ ಲೆಕ್ಕಕ್ಕೆ ಹಿಡಿಯುವುದು ಸುಮಾರು 105.8. 2024ರ ಆಗಸ್ಟ್‌ನಲ್ಲಿ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ನಾಲ್ಕು ಜಿಲ್ಲೆಗಳ ಎದೆ ನಡುಗಿತು, ನಿತ್ಯ ಅದೇ ಸುದ್ದಿ. ಹೂಳಿನಿಂದ ಸದ್ದಿಲ್ಲದೆ ಹೋದ 27 ಟಿಎಂಸಿಯ ಬಗ್ಗೆ ಅಷ್ಟು ಮಾತಿಲ್ಲ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಜಲಾಶಯದ ಹರವು ಸುಮಾರು 378 ಚದರ ಕಿಲೋಮೀಟರು. ಆ 27 ಟಿಎಂಸಿಯನ್ನು ಅಷ್ಟೂ ಹರವಿನ ಮೇಲೆ ಸಮನಾಗಿ ಹಾಸಿದರೆ ಎಷ್ಟು ದಪ್ಪ ಬರುತ್ತದೆ ಎಂದು ಗಣಿತದ ಶಿಕ್ಷಕರೊಬ್ಬರು ಅಂಗೈಯ ಮೇಲೆ ಪೆನ್ನಿನಿಂದ ಲೆಕ್ಕ ಹಾಕಿದರು: ಎರಡು ಮೀಟರ್. ಅಲ್ಲಿದ್ದವರಲ್ಲಿ ಅದಕ್ಕಿಂತ ಎತ್ತರದವರು ಒಬ್ಬರೂ ಇರಲಿಲ್ಲ. ಎಡದಂಡೆ ಕಾಲುವೆಯ ಕೊನೆಯ ರಾಯಚೂರು ಜಿಲ್ಲೆಯಿಂದ ಬಂದಿದ್ದ ಸಹೋದ್ಯೋಗಿಗಳು ಮಾತ್ರ ನಗಲಿಲ್ಲ. ಕಡಿಮೆ ನೀರಿನ ಬೆಳೆಗಳಿಗೆಂದು ಯೋಜಿಸಿದ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬೆಳೆದು ನೆಲ ಸವಳಾಗುತ್ತಿದ್ದರೆ, ಕೆಳಗೆ ಅವರ ಊರುಗಳಲ್ಲಿ ನೀರಿಗಾಗಿ ಪ್ರತಿ ವರ್ಷ ಧರಣಿ. ಅಂದು ಊಟದ ಹೊತ್ತಿಗೆ ಗಂಗಾವತಿಯವರೂ ಮಾನ್ವಿಯವರೂ ಬೇರೆಬೇರೆ ಸಾಲಿನಲ್ಲಿ ಕುಳಿತದ್ದನ್ನು ನಾನು ಗಮನಿಸಿದೆ.

ಕೊನೆಯ ದಿನ ಬಳ್ಳಾರಿ ಗುಡ್ಡ. ಹೈದರಾಲಿಗೆ ಕೋಟೆಯನ್ನು ಬಲಪಡಿಸಿಕೊಟ್ಟ ಫ್ರೆಂಚ್ ಎಂಜಿನಿಯರು, ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಿರುವುದನ್ನು ಗಮನಿಸದೆ ಹೋದದ್ದಕ್ಕೆ ಗಲ್ಲಿಗೇರಿದನೆಂಬ ಕಥೆ ಊರಿನಲ್ಲಿ ಪ್ರಚಲಿತ. ಆತನ ಬಳಿ ಸಮೋನ್ನತಿ ರೇಖೆಯ ಹಾಳೆ ಇದ್ದಿದ್ದರೆ ಎಂದು ಯಾರೋ ಹಾಸ್ಯ ಮಾಡಿದರು. ಇದ್ದರೂ ನಮ್ಮ ಸರ್ ಹಿಡಿದಂತೆ ಹಿಡಿದಿದ್ದರೆ ಏನುಪಯೋಗ ಎಂದು ಇನ್ನೊಬ್ಬರು. ಆನೆಗೊಂದಿಯ ಬಾಳೆತೋಟ ನನ್ನನ್ನು ಸುಲಭಕ್ಕೆ ಬಿಡುವಂತಿಲ್ಲ.

ಶಾಲೆ ಶುರುವಾಗಿ ಮೂರನೆಯ ವಾರ ಮಣ್ಣಿನ ಪಾಠ ಬಂತು. ಮಳೆ ಇನ್ನೂ ಹಿಡಿದಿರಲಿಲ್ಲ. ಒಂಬತ್ತನೆಯ ತರಗತಿಯ 43 ಮಕ್ಕಳನ್ನು ಕಾಂಪೌಂಡಿನಾಚೆಯ ಹಳ್ಳದ ದಂಡೆಗೆ ಕರೆದೊಯ್ದೆ; ಅರ್ಧ ಕಿಲೋಮೀಟರೂ ಇಲ್ಲ, ಅದಕ್ಕೂ ಮುಖ್ಯಗುರುಗಳಿಗೆ ಪತ್ರ ಬರೆದುಕೊಟ್ಟೆ. ಹಳ್ಳ ಕೊರೆದ ದಂಡೆಯಲ್ಲಿ ಮೇಲಿಂದ ಕೆಳಗೆ ಎಲ್ಲವೂ ಕಾಣುತ್ತಿತ್ತು: ಎರೆ, ಸುಣ್ಣದ ಹರಳು, ಗರಸು, ಪಟ್ಟೆಯ ಕಲ್ಲು. ಹರಳುಗಳ ಹೆಸರು ನಾನು ಹೇಳುವ ಮೊದಲೇ ಅವರು ಹೇಳಿದರು. ನಿಂಬೆರಸ ಹಿಂಡಿ ಕಿವಿಗೆ ಹಿಡಿಯುವ ಸರದಿಗಾಗಿ ನೂಕಾಟವಾಯಿತು. ಬಸಾಲ್ಟ್ ಯಾವ ಕಡೆ, ನಮ್ಮದು ಯಾವ ಕಲ್ಲು, ಮಣ್ಣು ಹೇಗೆ ಕಪ್ಪಾಯಿತು ಎಂದು ಹೊಂಡದಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ಮರಳುವಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ನೋಟ್‌ಬುಕ್ಕನ್ನು ಎದೆಗವಚಿಕೊಂಡು ಪಕ್ಕದಲ್ಲಿ ನಡೆಯುತ್ತ ಕೇಳಿದಳು: "ಸರ್, ಪರೀಕ್ಷೆದಾಗ ಏನಂತ ಬರೀಬೇಕ್ರಿ?"

ನಾನು ಸ್ವಲ್ಪ ದೂರ ಸುಮ್ಮನೆ ನಡೆದೆ. ಉತ್ತರ ಪತ್ರಿಕೆ ತಿದ್ದುವವರು ಕೀ ಉತ್ತರ ಹಿಡಿದು ಕುಳಿತಿರುತ್ತಾರೆ, ಅವರು ನಮ್ಮ ಹಳ್ಳದ ದಂಡೆಗೆ ಬಂದವರಲ್ಲ. "ಬಸಾಲ್ಟ್ ಅಂತ ಬರಿ" ಎಂದೆ. ಅವಳು ತಲೆಯಾಡಿಸಿದಳು. ಆಮೇಲೆ ಗೆಳತಿಯ ಕೈಯಲ್ಲಿದ್ದ ಪಟ್ಟೆಯ ಕಲ್ಲನ್ನು ಇಸಿದುಕೊಂಡು, ಪಾಟಿಚೀಲದೊಳಗೆ ಪುಸ್ತಕಗಳ ಕೆಳಗೆ ಇಟ್ಟುಕೊಂಡಳು.